ಲೆಕ್ಕ ಗೊತ್ತಿದ್ದೂ ತಪ್ಪುವುದು ಯಾಕೆ

ಹತ್ತನೇ ತರಗತಿ ಮಟ್ಟದ ಒಂದು ಲೆಕ್ಕದಿಂದಲೇ ಶುರು ಮಾಡುವ. ನಿಂತ ನೀರಿನಲ್ಲಿ ಗಂಟೆಗೆ 10 ಕಿ.ಮೀ. ಹೋಗುವ ದೋಣಿಯೊಂದು ಹೊಳೆಯಲ್ಲಿ ಹರಿವಿಗೆ ಎದುರಾಗಿ 24 ಕಿ.ಮೀ. ಹೋಗಿ, ಹೊರಟ ಜಾಗಕ್ಕೇ ಮರಳಿತು. ಹೋಗಿಬರಲು ಒಟ್ಟು 5 ಗಂಟೆ ಹಿಡಿಯಿತು. ಹರಿವಿನ ವೇಗ ಎಷ್ಟು?

ಚೆನ್ನಾಗಿ ಓದುವ ಹುಡುಗನೂ ಇಲ್ಲಿ ಹೇಗೆ ಜಾರುತ್ತಾನೆ ನೋಡಿ. ಹರಿವಿನ ವೇಗ x ಎಂದು ಬರೆಯುತ್ತಾನೆ. ಹೋಗುವಾಗ 10−x, ಬರುವಾಗ 10+x. ಇಲ್ಲಿವರೆಗೆ ಸರಿ. ಆಮೇಲೆ ಅವಸರದಲ್ಲಿ ದೂರವನ್ನು ವೇಗದಿಂದ ಭಾಗಿಸುವ ಬದಲು ಗುಣಿಸಿಬಿಡುತ್ತಾನೆ: 24(10−x) + 24(10+x) = 5. ಬಿಡಿಸಿದರೆ 240−24x+240+24x = 5. ಎರಡು ಕಡೆಯ x ಹೊಡೆದುಹೋಗಿ ಉಳಿಯುವುದು 480 = 5.

ಪೆನ್ನು ನಿಲ್ಲಬೇಕಾದದ್ದು ಇಲ್ಲಿ. 480 ಎಂದೂ 5 ಆಗುವುದಿಲ್ಲ, ಹುಡುಕುತ್ತಿದ್ದ x ಕೈಯಲ್ಲೇ ಇಲ್ಲ. ಅಂದರೆ ಮೇಲೆ ಎಲ್ಲೋ ಬರೆದ ಸಾಲೊಂದು ತಪ್ಪಿದೆ. ಆದರೆ ಹೆಚ್ಚಿನವರ ಪೆನ್ನು ನಿಲ್ಲುವುದಿಲ್ಲ. ಒಬ್ಬ ಎಲ್ಲವನ್ನೂ ಹೊಡೆದುಹಾಕಿ ಅದೇ ಸಾಲನ್ನು ಮತ್ತೆ ಮೊದಲಿಂದ ಬರೆಯುತ್ತಾನೆ. ಇನ್ನೊಬ್ಬ x ಉಳಿಯಲಿ ಎಂದು −24x ಅನ್ನು +24x ಎಂದು ತಿದ್ದಿಕೊಳ್ಳುತ್ತಾನೆ. ಆಗ 480+48x = 5, x ಸುಮಾರು −9.9. ವೇಗ ಋಣ ಬರಬಾರದಲ್ಲ, ಹಾಗಾಗಿ ಮೈನಸ್ ಬಿಟ್ಟು 9.9 ಎಂದು ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಾನೆ. ಹರಿವು 9.9 ಆದರೆ ದೋಣಿ ಎದುರು ಹೋಗುವುದು ಗಂಟೆಗೆ 0.1 ಕಿ.ಮೀ.; 24 ಕಿ.ಮೀ.ಗೆ 240 ಗಂಟೆ, ಅಂದರೆ ಹತ್ತು ದಿನ. ಲೆಕ್ಕದಲ್ಲಿ ಹೇಳಿದ್ದು 5 ಗಂಟೆ.

ಈ ಹುಡುಗನಿಗೆ ಏನು ಗೊತ್ತಿಲ್ಲ? ದೂರ, ವೇಗ, ಸಮಯದ ಸಂಬಂಧ ಗೊತ್ತು. ವರ್ಗ ಸಮೀಕರಣ ಬಿಡಿಸಲು ಗೊತ್ತು. ಸೂತ್ರ ಕೇಳಿದರೆ ನಿದ್ದೆಯಲ್ಲೂ ಹೇಳುತ್ತಾನೆ. ಅವನಲ್ಲಿ ಇಲ್ಲದ್ದು ಒಂದೇ, ತಾನು ಮಾಡುತ್ತಿರುವುದರ ಮೇಲೆ ತಾನೇ ಒಂದು ಕಣ್ಣಿಡುವ ಅಭ್ಯಾಸ. ಇದಕ್ಕೆ ಮೆಟಾಕಾಗ್ನಿಷನ್ ಎಂದು 1970ರ ದಶಕದಲ್ಲಿ ಹೆಸರಿಟ್ಟವರು ಸ್ಟ್ಯಾನ್‌ಫರ್ಡ್‌ನ ಮನಃಶಾಸ್ತ್ರಜ್ಞ ಜಾನ್ ಫ್ಲಾವೆಲ್. ಹೆಸರು ದೊಡ್ಡದು, ಕೆಲಸ ನಮ್ಮ ಅಡುಗೆಮನೆಗೂ ಗೊತ್ತಿರುವಂಥದ್ದು. ನೀರುದೋಸೆ ಹೊಯ್ಯುವವರು ಮೊದಲ ದೋಸೆಯನ್ನು ನೋಡುತ್ತಾರೆ. ತೂತು ಬೀಳದಿದ್ದರೆ ಕಾವಲಿ ಕಾಯಲಿಲ್ಲವೋ, ಹಿಟ್ಟು ದಪ್ಪವಾಯಿತೋ ಎಂದು ಯೋಚಿಸಿ, ಬೆಂಕಿ ಹೆಚ್ಚಿಸುತ್ತಾರೆ ಇಲ್ಲವೇ ನೀರು ಸೇರಿಸುತ್ತಾರೆ. ನೋಡದೆ ಇಪ್ಪತ್ತು ದೋಸೆ ಹೊಯ್ದು ಕೊನೆಗೆ ಎಲ್ಲವೂ ದಪ್ಪವಾಯಿತು ಎನ್ನುವವರು ಯಾರೂ ಇಲ್ಲ. ಲೆಕ್ಕದಲ್ಲಿ ಮಾತ್ರ ಮಕ್ಕಳು ಹಾಗೆಯೇ ಮಾಡುತ್ತಾರೆ.

ಗಣಿತ ಶಿಕ್ಷಣದ ಸಂಶೋಧಕ ಅಲನ್ ಶೋನ್‌ಫೆಲ್ಡ್ ಅಮೆರಿಕದ ಕಾಲೇಜು ಮತ್ತು ಹೈಸ್ಕೂಲು ವಿದ್ಯಾರ್ಥಿಗಳು ಪರಿಚಯವಿಲ್ಲದ ಲೆಕ್ಕಗಳ ಜೊತೆ ಗುದ್ದಾಡುವುದನ್ನು ನೂರಕ್ಕೂ ಹೆಚ್ಚು ವಿಡಿಯೊಗಳಲ್ಲಿ ದಾಖಲಿಸಿದರು. ಅವರ ಪ್ರಕಾರ ಸುಮಾರು 60% ಪ್ರಯತ್ನಗಳ ರೀತಿ ಒಂದೇ: ಓದುವುದು, ತಕ್ಷಣ ಒಂದು ದಾರಿ ಹಿಡಿಯುವುದು, ಏನೇ ಆದರೂ ಆ ದಾರಿ ಬಿಡದಿರುವುದು. ಅಂಥದೇ ಲೆಕ್ಕ ಕೊಟ್ಟಾಗ ಅನುಭವಿ ಗಣಿತಜ್ಞರೊಬ್ಬರು ಅರ್ಧಕ್ಕಿಂತ ಹೆಚ್ಚು ಹೊತ್ತನ್ನು ಲೆಕ್ಕವನ್ನು ಅರ್ಥ ಮಾಡಿಕೊಳ್ಳುವುದರಲ್ಲೇ ಕಳೆದರು. ತಪ್ಪು ದಾರಿಗಳನ್ನು ಅವರೂ ಹಿಡಿದರು, ಹಿಡಿದು ಬೇಗ ಬಿಟ್ಟರು. ಶೋನ್‌ಫೆಲ್ಡ್ ತಮ್ಮ ತರಗತಿಯಲ್ಲಿ ಮಾಡಿದ್ದು ಬಹಳ ಸರಳ. ಮಕ್ಕಳು ಗುಂಪಿನಲ್ಲಿ ಲೆಕ್ಕ ಮಾಡುವಾಗ ನಡುವೆ ಹೋಗಿ ಮೂರು ಪ್ರಶ್ನೆ ಕೇಳುತ್ತಿದ್ದರು: ಈಗ ಸರಿಯಾಗಿ ಏನು ಮಾಡುತ್ತಿದ್ದೀರಿ? ಯಾಕೆ ಮಾಡುತ್ತಿದ್ದೀರಿ? ಅದರಿಂದ ಏನು ಸಿಗುತ್ತದೆ? ಮೊದಮೊದಲು ಉತ್ತರ ಬರುತ್ತಿರಲಿಲ್ಲ. ಹೇಗೂ ಕೇಳುತ್ತಾರೆ ಎಂದು ಗೊತ್ತಾದ ಮೇಲೆ ಮಕ್ಕಳು ಉತ್ತರವನ್ನು ಮೊದಲೇ ಯೋಚಿಸತೊಡಗಿದರು. ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಕಣ್ಣುಮುಚ್ಚಿ ಓಡುವ ಆ ರೀತಿ 20%ಕ್ಕಿಂತ ಕೆಳಗೆ ಇಳಿದಿತ್ತು.

ನಮ್ಮ ದೋಣಿಗೆ ಮರಳುವ. ಪೆನ್ನು ಮುಟ್ಟುವ ಮೊದಲು ಒಂದು ನಿಮಿಷ ಅಂದಾಜು ಮಾಡಿದರೆ ಏನು ಸಿಗುತ್ತದೆ? ಹರಿವೇ ಇಲ್ಲದಿದ್ದರೆ 48 ಕಿ.ಮೀ.ಗೆ 4.8 ಗಂಟೆ, ಅಂದರೆ 4 ಗಂಟೆ 48 ನಿಮಿಷ. ಲೆಕ್ಕದಲ್ಲಿ ಕೊಟ್ಟಿರುವುದು 5 ಗಂಟೆ. ಹೆಚ್ಚಾದದ್ದು ಬರೀ 12 ನಿಮಿಷ. ಹಾಗಾದರೆ ಹರಿವು ಸಣ್ಣದೇ ಇರಬೇಕು. ಇಷ್ಟನ್ನು ಮಾರ್ಜಿನ್‌ನಲ್ಲಿ ಬರೆದಿಟ್ಟುಕೊಂಡವನು 9.9 ಎಂದು ಎಂದೂ ಬರೆಯಲಾರ. ಹೋಗುವಾಗ ತಡೆದ ನೀರು ಬರುವಾಗ ತಳ್ಳುತ್ತದಲ್ಲ, ಎರಡೂ ಸರಿಹೋಗಬೇಕಿತ್ತು, 12 ನಿಮಿಷ ಹೆಚ್ಚಾದದ್ದು ಯಾಕೆ ಎಂಬ ಪ್ರಶ್ನೆಯೂ ಇಲ್ಲೇ ಹುಟ್ಟುತ್ತದೆ. ಎದುರು ನೀರಿನಲ್ಲಿ ದೋಣಿ ಹೆಚ್ಚು ಹೊತ್ತು ಇರುತ್ತದೆ, ತಳ್ಳುವ ನೀರಿನಲ್ಲಿ ಕಡಿಮೆ ಹೊತ್ತು. ನಷ್ಟದ ಹೊತ್ತೇ ಉದ್ದ. ಹೊಳೆ ಕಡಲು ಸೇರುವ ಅಳಿವೆಬಾಗಿಲಲ್ಲಿ ನೀರಿಳಿತದ ಹೊತ್ತಿಗೆ ಎದುರು ಹುಟ್ಟು ಹಾಕಿದವರ ಮನೆಯ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಆ ತಿಳಿವಳಿಕೆ ಲೆಕ್ಕದ ಪುಸ್ತಕದೊಳಗೂ ಬರಬಹುದು ಎಂದು ಅವರಿಗೆ ಯಾರಾದರೂ ಹೇಳಬೇಕು, ಅಷ್ಟೆ.

ಆಮೇಲೆ ಲೆಕ್ಕ ತಾನಾಗಿ ಬಿಡಿಸಿಕೊಳ್ಳುತ್ತದೆ. 24/(10−x) + 24/(10+x) = 5. ಕೂಡಿಸಿದರೆ 480/(100−x²) = 5, ಅಂದರೆ 100−x² = 96, x = 2. ಕೊನೆಗೆ ತಾಳೆ: ಎದುರಿಗೆ 24/8 = 3 ಗಂಟೆ, ಹರಿವಿನೊಂದಿಗೆ 24/12 = 2 ಗಂಟೆ. ಒಟ್ಟು 5. ಸಣ್ಣದಿರಬೇಕು ಎಂದ ಅಂದಾಜಿಗೂ 2 ಹೊಂದುತ್ತದೆ.

ತಾಳೆ ನೋಡುವುದು ಎಂದರೆ ಬರೆದದ್ದನ್ನು ಮತ್ತೊಮ್ಮೆ ಓದುವುದಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ತಾನು ಬರೆದ ಸಾಲುಗಳನ್ನು ತಾನೇ ಓದುವಾಗ ಕಣ್ಣು ಅದೇ ಜಾಡಿನಲ್ಲಿ ಹೋಗುತ್ತದೆ, ಮೊದಲ ಸಲ ಕಾಣದ ತಪ್ಪು ಎರಡನೆಯ ಸಲವೂ ಕಾಣುವುದಿಲ್ಲ. ಉತ್ತರವನ್ನು ತೆಗೆದುಕೊಂಡು ಪ್ರಶ್ನೆಯ ವಾಕ್ಯಕ್ಕೆ ಹಾಕಬೇಕು. ಸಮೀಕರಣಕ್ಕೆ ಹಾಕಿದರೂ ಸಾಲದು, ಸಮೀಕರಣವೇ ತಪ್ಪಿರಬಹುದು. ಅಮೆರಿಕದ ರಾಷ್ಟ್ರಮಟ್ಟದ ಮೌಲ್ಯಮಾಪನವೊಂದರಲ್ಲಿ 13 ವರ್ಷದ ಮಕ್ಕಳಿಗೆ ಕೇಳಿದ ಪ್ರಸಿದ್ಧ ಪ್ರಶ್ನೆ ಒಂದುಂಟು: ಒಂದು ಬಸ್ಸಿನಲ್ಲಿ 36 ಸೈನಿಕರು ಹಿಡಿಯುತ್ತಾರೆ, 1128 ಸೈನಿಕರಿಗೆ ಎಷ್ಟು ಬಸ್ಸು ಬೇಕು? 29% ಮಕ್ಕಳು "31, ಶೇಷ 12" ಎಂದು ಬರೆದರು. 32 ಎಂದವರು 23% ಮಾತ್ರ. ಭಾಗಾಕಾರ ಸರಿಯಿತ್ತು, ಉಳಿದ 12 ಜನ ಹೇಗೆ ಹೋಗುತ್ತಾರೆ ಎಂದು ಯೋಚಿಸಿರಲಿಲ್ಲ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಉಡುಪಿ ಎಕ್ಸ್‌ಪ್ರೆಸ್ ಹತ್ತುವ ಮಗುವಿಗೆ ಬಸ್ಸು ಎಂದರೇನೆಂದು ಗೊತ್ತು. ಆದರೆ ಲೆಕ್ಕದ ಪುಸ್ತಕ ತೆರೆದ ಕೂಡಲೇ ಆ ಬಸ್ಸು ಬರೀ ಒಂದು ಸಂಖ್ಯೆಯಾಗಿಬಿಡುತ್ತದೆ.

2025ರಲ್ಲಿ ರಾಜ್ಯದ ಪಿಯುಸಿ ಫಲಿತಾಂಶದಲ್ಲಿ ನಮ್ಮ ಕರಾವಳಿಯ ಉಡುಪಿ ಜಿಲ್ಲೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಇದರ ಹಿಂದೆ ಶಿಕ್ಷಕರ ದುಡಿಮೆಯುಂಟು, ಮನೆಯವರ ಕಾಳಜಿಯುಂಟು. ಆದರೆ ಅಭ್ಯಾಸ ಎಂದರೆ ಹಳೆಯ ಪ್ರಶ್ನೆಪತ್ರಿಕೆ ಸಾಲಾಗಿ ಬಿಡಿಸುವುದು ಎಂಬ ನಂಬಿಕೆಯೂ ಇಲ್ಲಿ ಗಟ್ಟಿಯಾಗಿ ಕೂತಿದೆ. ಒಂದೇ ಜಾತಿಯ ನಲವತ್ತು ಲೆಕ್ಕ ಒಟ್ಟಿಗೆ ಮಾಡಿದಾಗ ಯಾವ ದಾರಿ ಹಿಡಿಯಬೇಕು ಎಂದು ಯೋಚಿಸುವ ಅಗತ್ಯವೇ ಬರುವುದಿಲ್ಲ, ಪಾಠದ ಹೆಸರೇ ದಾರಿ ಹೇಳಿಬಿಡುತ್ತದೆ. ಪಾಠದ ಹೆಸರು ಕಾಣದ ಪರೀಕ್ಷೆಗಳಲ್ಲಿ, ಸಿಇಟಿ, ನೀಟ್, ಜೆಇಇಯಲ್ಲಿ, ಅದೇ ಮಗು ತಡವರಿಸುತ್ತದೆ. ನಾಲ್ಕು ಪಾಠದ ಹತ್ತು ಲೆಕ್ಕ ಕಲಸಿ ಕೊಟ್ಟು, ಬಿಡಿಸುವುದೇ ಬೇಡ, ಪ್ರತಿಯೊಂದಕ್ಕೂ ಯಾವ ದಾರಿ ಮತ್ತು ಯಾಕೆ ಎಂದು ಒಂದೊಂದು ಸಾಲು ಬರೆಯಿರಿ ಎಂದರೆ ಹದಿನೈದು ನಿಮಿಷದ ಒಳ್ಳೆಯ ಕೆಲಸ.

ತರಗತಿಯಲ್ಲಿ ಇದನ್ನು ಕಲಿಸುವುದು ಹೇಗೆ? ಮೊದಲು ಬದಲಾಗಬೇಕಾದದ್ದು ಬೋರ್ಡು. ಶಿಕ್ಷಕರು ಬೋರ್ಡಿನ ಮೇಲೆ ಮಾಡುವ ಲೆಕ್ಕ ಯಾವಾಗಲೂ ನೇರ ಹೋಗಿ ಉತ್ತರಕ್ಕೆ ತಲುಪುತ್ತದೆ, ಯಾಕೆಂದರೆ ಅದನ್ನು ಅವರು ಹಿಂದಿನ ದಿನವೇ ಬಿಡಿಸಿರುತ್ತಾರೆ. ಮಕ್ಕಳಿಗೆ ಕಾಣುವುದು ಮುಗಿದ ಲೆಕ್ಕ. ಅದರ ಹಿಂದಿನ ಅನುಮಾನ, ಬಿಟ್ಟ ದಾರಿ, ವಾಪಸು ಬಂದದ್ದು ಯಾವುದೂ ಕಾಣುವುದಿಲ್ಲ. ವಾರಕ್ಕೆ ಒಂದಾದರೂ ಹೊಸ ಲೆಕ್ಕವನ್ನು ಮಕ್ಕಳಿಂದಲೇ ತರಿಸಿ, ಮೊದಲೇ ನೋಡದೆ, ಯೋಚನೆಯನ್ನು ಗಟ್ಟಿಯಾಗಿ ಹೇಳುತ್ತಾ ಬಿಡಿಸಬೇಕು. "ಇಲ್ಲಿ ಪೈಥಾಗೊರಸ್ ಹಾಕಬಹುದಾ? ಲಂಬಕೋನ ಉಂಟು ಎಂದು ಎಲ್ಲಿ ಹೇಳಿದ್ದಾರೆ? ಹೇಳಲಿಲ್ಲ. ಹಾಗಾದರೆ ಇದು ಆಗುವುದಿಲ್ಲ, ಬಿಡುವ." ಇಂಥ ನಾಲ್ಕು ಮಾತು ಕೇಳಿದ ಮಗುವಿಗೆ ತಡವರಿಸುವುದು ದಡ್ಡತನವಲ್ಲ ಎಂದು ಗೊತ್ತಾಗುತ್ತದೆ. ಶಿಕ್ಷಕರಿಗೆ ಇದು ಸುಲಭವಲ್ಲ, ನಲವತ್ತು ಮಕ್ಕಳ ಎದುರು ಸಿಕ್ಕಿಹಾಕಿಕೊಳ್ಳುವ ಅಂಜಿಕೆ ಇರುತ್ತದೆ. ಆದರೂ ಇದಕ್ಕಿಂತ ಫಲ ಕೊಡುವ ಇನ್ನೊಂದು ಉಪಾಯ ನನಗೆ ಕಾಣುವುದಿಲ್ಲ.

"ಅರ್ಥ ಆಯ್ತಾ?" ಎಂಬ ಪ್ರಶ್ನೆಯನ್ನು ಪೂರ್ತಿ ಬಿಟ್ಟರೂ ನಷ್ಟವಿಲ್ಲ. "ಹೂಂ ಟೀಚರ್" ಎಂದು ಇಡೀ ತರಗತಿ ರಾಗ ಎಳೆಯುತ್ತದೆ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಅದರ ಬದಲು ಲೆಕ್ಕದ ನಡುವೆ ಚಾಕ್ ನಿಲ್ಲಿಸಿ, "ಮುಂದಿನ ಸಾಲು ನೀವೇ ಬರೆಯಿರಿ, ಎರಡು ನಿಮಿಷ" ಎನ್ನಬೇಕು. ಬರೆಯಲಾಗದವನಿಗೆ ತನಗೆ ಅರ್ಥವಾಗಿಲ್ಲ ಎಂದು ಆಗ ಗೊತ್ತಾಗುತ್ತದೆ. ಅದು ಅವನಿಗೇ ಗೊತ್ತಾಗುವುದು ಮುಖ್ಯ. ಮನಃಶಾಸ್ತ್ರಜ್ಞೆ ಮಿಷೆಲೀನ್ ಚೀ ಮತ್ತು ಸಂಗಡಿಗರು 1989ರಲ್ಲಿ ಭೌತಶಾಸ್ತ್ರದ ಬಿಡಿಸಿದ ಲೆಕ್ಕಗಳನ್ನು ಓದುವ ವಿದ್ಯಾರ್ಥಿಗಳನ್ನು ಗಮನಿಸಿದಾಗ, "ಇದು ನನಗೆ ತಿಳಿಯಲಿಲ್ಲ" ಎಂದು ಹೆಚ್ಚು ಸಲ ಹೇಳಿದವರು ಚೆನ್ನಾಗಿ ಲೆಕ್ಕ ಬಿಡಿಸುವವರೇ ಆಗಿದ್ದರು. ಹಿಂದುಳಿದವರಿಗೆ ಎಲ್ಲವೂ ಅರ್ಥವಾದಂತೆಯೇ ಅನಿಸಿತ್ತು.

ಇಬ್ಬಿಬ್ಬರನ್ನು ಕೂರಿಸಿ ಮಾಡಿಸುವ ಅಭ್ಯಾಸ ನಮ್ಮೂರಿಗೆ ಬಹಳ ಒಗ್ಗುತ್ತದೆ. ಒಬ್ಬ ಗಟ್ಟಿಯಾಗಿ ಹೇಳುತ್ತಾ ಲೆಕ್ಕ ಮಾಡಬೇಕು, ಇನ್ನೊಬ್ಬ ಕೇಳಬೇಕು. ಕೇಳುವವನು ಉತ್ತರ ಹೇಳುವಂತಿಲ್ಲ, ತಿದ್ದುವಂತಿಲ್ಲ. ಅವನಿಗೆ ಬಿಟ್ಟದ್ದು ಮೂರೇ ಮಾತು: "ಈಗ ಎಂತ ಮಾಡ್ತಾ ಇದ್ದಿ?", "ಯಾಕೆ?", "ಅದ್ರಿಂದ ಎಂತ ಸಿಗ್ತದೆ?" ನಾಲ್ಕು ನಿಮಿಷ ಆದ ಮೇಲೆ ಹೊಸ ಲೆಕ್ಕ, ಅದಲುಬದಲು. ಕೆಡುವುದು ಎಲ್ಲಿ ಎಂದರೆ, ಹುಷಾರಿನವನು ಕೇಳುವ ಜಾಗದಲ್ಲಿದ್ದರೆ ಅರ್ಧ ನಿಮಿಷಕ್ಕೇ ಬಾಯಿ ಬಿಡುತ್ತಾನೆ. ಅದಕ್ಕೆ ಹತ್ತಿರ ಹತ್ತಿರದ ಮಟ್ಟದವರನ್ನೇ ಜೊತೆ ಮಾಡಬೇಕು. ಇನ್ನೊಂದು ಮಾತು ಭಾಷೆಯದು. ಪ್ರಶ್ನೆ ಇಂಗ್ಲಿಷಿನಲ್ಲೋ ಶಿಷ್ಟ ಕನ್ನಡದಲ್ಲೋ ಇರುತ್ತದೆ. ಮಗು ಮನೆಯಲ್ಲಿ ಮಾತಾಡುವುದು ತುಳು, ಕೊಂಕಣಿ, ಬ್ಯಾರಿ ಇಲ್ಲವೇ ಕುಂದಾಪುರದ ಕನ್ನಡ. ಯೋಚನೆಯನ್ನು ಗಟ್ಟಿಯಾಗಿ ಹೇಳು ಎಂದು ಹೇಳಿ, ಅದನ್ನು ಇಂಗ್ಲಿಷಿನಲ್ಲೇ ಹೇಳು ಎಂದರೆ ಮಗುವಿನ ಗಮನವೆಲ್ಲ ವಾಕ್ಯ ಕಟ್ಟುವುದರಲ್ಲೇ ಮುಗಿಯುತ್ತದೆ. "ದಾಯೆ?" (ಯಾಕೆ?) ಎಂದು ಗೆಳೆಯ ತುಳುವಿನಲ್ಲಿ ಕೇಳಿದಾಗ ಬರುವ ಉತ್ತರ ಬೇರೆಯೇ ಇರುತ್ತದೆ. ಬರೆಯುವುದು ಪರೀಕ್ಷೆಯ ಭಾಷೆಯಲ್ಲಿ ಇರಲಿ, ಯೋಚಿಸುವುದು ಮನೆಮಾತಿನಲ್ಲಿ ನಡೆಯಲಿ.

ಇನ್ನು ಆ ಎರಡು ಪದ, "ಸಿಲ್ಲಿ ಮಿಸ್ಟೇಕ್". ಪರೀಕ್ಷೆ ಪೇಪರ್ ಸಿಕ್ಕಿದ ಸಂಜೆ ಎಲ್ಲ ಮನೆಗಳಲ್ಲೂ ಕೇಳುವ ಮಾತು ಅದು. "ಹನ್ನೆರಡು ಮಾರ್ಕ್ ಸಿಲ್ಲಿ ಮಿಸ್ಟೇಕಿನಲ್ಲಿ ಹೋಯ್ತಮ್ಮ." ಹಾಗೆಂದ ಕೂಡಲೇ ತಪ್ಪಿನ ವಿಚಾರಣೆ ಮುಗಿಯಿತು, ಅದೇ ತಪ್ಪು ಮುಂದಿನ ಪರೀಕ್ಷೆಗೂ ಬರುತ್ತದೆ. ನೂರು ಪುಟದ ಒಂದು ನೋಟ್‌ಬುಕ್ ಇಡಿಸಿ. ಪ್ರತಿ ತಪ್ಪಿಗೂ ಮೂರು ಸಾಲು: ಪ್ರಶ್ನೆ ಏನು ಕೇಳಿತ್ತು, ನಾನು ಏನು ಮಾಡಿದೆ, ಯಾವ ಸಾಲಿನಲ್ಲಿ ನಿಂತಿದ್ದರೆ ಸಿಕ್ಕಿಬೀಳುತ್ತಿತ್ತು. ಬದಿಯಲ್ಲಿ ಒಂದು ಅಕ್ಷರ. ಪ್ರಶ್ನೆ ತಪ್ಪಾಗಿ ಓದಿದ್ದರೆ ಓ, ದಾರಿಯೇ ತಪ್ಪಿದ್ದರೆ ದಾ, ಕೂಡುವ ಕಳೆಯುವಲ್ಲಿ ತಪ್ಪಿದ್ದರೆ ಲೆ, ವಿಷಯವೇ ಗೊತ್ತಿಲ್ಲದಿದ್ದರೆ ವಿ. ಇಪ್ಪತ್ತು ತಪ್ಪು ಸೇರಿದ ಮೇಲೆ ಎಣಿಸಿ. ಓ ಹೆಚ್ಚಿದ್ದರೆ ಮದ್ದು ಪ್ರಶ್ನೆಯನ್ನು ಪೆನ್ಸಿಲ್ ಹಿಡಿದು ಓದುವುದು, ಅಳತೆಯ ಘಟಕಗಳಿಗೂ "ಅಲ್ಲ", "ಹೊರತುಪಡಿಸಿ", "ಕನಿಷ್ಠ" ಎಂಬ ಪದಗಳಿಗೂ ಅಡಿಗೆರೆ ಹಾಕುವುದು. ದಾ ಹೆಚ್ಚಿದ್ದರೆ ಕಲಸಿದ ಲೆಕ್ಕಗಳು. ಲೆ ಹೆಚ್ಚಿದ್ದರೆ ರಫ್ ವರ್ಕ್ ಪುಟದ ಮೂಲೆಯಲ್ಲಿ ಗೀಚುವುದನ್ನು ಬಿಟ್ಟು ಸಾಲಾಗಿ ಬರೆಯುವುದು. ವಿ ಹೆಚ್ಚಿದ್ದರೆ ಮೆಟಾಕಾಗ್ನಿಷನ್ ಮಾತು ಸದ್ಯಕ್ಕೆ ಬೇಡ, ಪಾಠಕ್ಕೆ ಮರಳಬೇಕು. ಎಲ್ಲಕ್ಕೂ ಒಂದೇ ಮದ್ದು, ಇನ್ನೂ ಹೆಚ್ಚು ಲೆಕ್ಕ ಮಾಡು ಎನ್ನುವುದು, ಮಗುವನ್ನು ದಣಿಸುತ್ತದೆ ಅಷ್ಟೆ.

ಎಂಟ್ರೆನ್ಸ್ ಬರೆಯುವವರಿಗೆ ಇನ್ನೊಂದು ಲೆಕ್ಕ ಬೇಕು, ತನ್ನ ನಂಬಿಕೆಯ ಲೆಕ್ಕ. ಮಾಕ್ ಟೆಸ್ಟಿನಲ್ಲಿ ಪ್ರತಿ ಉತ್ತರದ ಪಕ್ಕ ಒಂದು ಗುರುತು: ಖಂಡಿತಕ್ಕೆ ಖ, ಅಂದಾಜಿಗೆ ಅ, ಊಹೆಗೆ ಊ. ಉತ್ತರ ತಾಳೆ ಹಾಕುವ ಮೊದಲೇ ಈ ಗುರುತು ಬಿದ್ದಿರಬೇಕು, ನಂತರ ಹಾಕಿದರೆ ಎಲ್ಲರೂ ತಮಗೆ ಮೊದಲೇ ಗೊತ್ತಿತ್ತು ಎನ್ನುತ್ತಾರೆ. ಐದು ಟೆಸ್ಟ್ ಆದ ಮೇಲೆ ನೋಡಿ, ಖ ಹಾಕಿದವುಗಳಲ್ಲಿ ಎಷ್ಟು ಸರಿ? ನೂರಕ್ಕೆ 70 ಮಾತ್ರ ಎಂದಾದರೆ ಆ ಮಗುವಿನ "ಖಂಡಿತ"ವನ್ನು ನಂಬುವಂತಿಲ್ಲ. ಹಾಗೆಂದು ಬೇಸರಪಡಬೇಕಾಗಿಲ್ಲ. ಖಂಡಿತ ಎಂದುಕೊಂಡು ತಪ್ಪಿದ್ದು ತಿದ್ದಿದಾಗ ಹೆಚ್ಚು ಗಟ್ಟಿಯಾಗಿ ನೆನಪುಳಿಯುತ್ತದೆ ಎಂದು ಮನಃಶಾಸ್ತ್ರಜ್ಞರಾದ ಬಟರ್‌ಫೀಲ್ಡ್ ಮತ್ತು ಮೆಟ್‌ಕಾಫ್ 2001ರಲ್ಲೇ ತೋರಿಸಿದ್ದಾರೆ. ಆ ತಪ್ಪುಗಳನ್ನು ಮೊದಲು ತಿದ್ದಿ.

ನೀಟ್‌ನಲ್ಲಿ ಸರಿಗೆ 4, ತಪ್ಪಿಗೆ ಮೈನಸ್ 1. ಐದು ಊಹೆಯಲ್ಲಿ ಒಂದು ಸರಿಯಾದರೂ 4−4, ನಷ್ಟವಿಲ್ಲ. ನಾಲ್ಕು ಆಯ್ಕೆಯಲ್ಲಿ ಒಂದನ್ನು ಖಚಿತವಾಗಿ ತೆಗೆದುಹಾಕಿದರೆ ಇಂಥ ಮೂರು ಪ್ರಶ್ನೆಗೆ ಸರಾಸರಿ 2 ಅಂಕ ಲಾಭ. "ಗೊತ್ತಿಲ್ಲದಿದ್ದರೆ ಮುಟ್ಟಬೇಡ" ಎಂಬ ಸಾಮಾನ್ಯ ಸಲಹೆ ಹಾಗಾಗಿ ಪೂರ್ತಿ ಸರಿಯಲ್ಲ. ಆದರೆ ತೆಗೆದುಹಾಕಿದ ಆಯ್ಕೆಯೇ ಸರಿಯುತ್ತರವಾಗಿದ್ದರೆ ಈ ಲೆಕ್ಕವೆಲ್ಲ ಮಗುಚುತ್ತದೆ. ತನ್ನ ಅ ಗುರುತಿನವು ಐದರಲ್ಲಿ ಎಷ್ಟು ಸರಿ ಬರುತ್ತವೆ ಎಂದು ದಾಖಲೆ ಇಟ್ಟವನಿಗೆ ಮಾತ್ರ ಈ ಧೈರ್ಯ ಸಲ್ಲುತ್ತದೆ. ಸಿಇಟಿಯಲ್ಲಿ ತಪ್ಪಿಗೆ ಕಡಿತವಿಲ್ಲ, ಒಂದು ವಿಷಯದ 60 ಪ್ರಶ್ನೆಗೆ 80 ನಿಮಿಷ. ಅಲ್ಲಿ ಖಾಲಿ ಬಿಟ್ಟು ಬರುವುದಕ್ಕೆ ಕಾರಣವೇ ಇಲ್ಲ.

ಓದುವಾಗಿನ ಭ್ರಮೆ ಇದಕ್ಕಿಂತ ದೊಡ್ಡದು. ಮನಃಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ಒಂದೇ ಗದ್ಯವನ್ನು ನಾಲ್ಕು ಸುತ್ತು ಓದಿತು. ಇನ್ನೊಂದು ಗುಂಪು ಒಂದು ಸುತ್ತು ಓದಿ, ಮೂರು ಸುತ್ತು ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಓದಿದವರೇ ಮುಂದೆ, 83% ಮತ್ತು 71%. ವಾರ ಕಳೆದ ಮೇಲೆ ಓದಿದವರಿಗೆ ಉಳಿದದ್ದು 40%, ಬರೆದವರಿಗೆ 61%. ಆದರೆ ತಮಗೆ ಹೆಚ್ಚು ನೆನಪಿರುತ್ತದೆ ಎಂದು ಮೊದಲೇ ಭರವಸೆಯಿಂದ ಹೇಳಿದ್ದವರು ಬರೀ ಓದಿದವರು. ಪದೇಪದೇ ಓದಿದಾಗ ಪುಟ ಪರಿಚಿತವಾಗುತ್ತದೆ, ಆ ಪರಿಚಯವನ್ನೇ ಮನಸ್ಸು ಜ್ಞಾನ ಎಂದು ಎಣಿಸುತ್ತದೆ. ಹಾಗಾಗಿ "ಬರ್ತದಾ?" ಎಂದು ಓದಿದ ಕೂಡಲೇ ಕೇಳಬೇಡಿ. ಊಟ ಮುಗಿಸಿ ಬಂದ ಮೇಲೆ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಬರೆಸಿ. ಹೊತ್ತು ಬಿಟ್ಟು ಮಾಡಿದ ಅಂದಾಜು ತಕ್ಷಣದ ಅಂದಾಜಿಗಿಂತ ಎಷ್ಟೋ ಹೆಚ್ಚು ನಿಖರ.

ಇವೆಲ್ಲ ಕೆಡುವ ದಾರಿಗಳೂ ಉಂಟು. ಮೊದಲನೆಯದು, ಇದನ್ನು ಒಂದು ಫಾರ್ಮ್ ಮಾಡಿಬಿಡುವುದು. "ನನ್ನ ಯೋಜನೆ", "ನನ್ನ ಪರಿಶೀಲನೆ" ಎಂದು ಕಾಲಂ ಹಾಕಿ ಪ್ರತಿ ಲೆಕ್ಕಕ್ಕೂ ತುಂಬಿಸಿದರೆ, ಮೂರನೇ ದಿನ ಮಕ್ಕಳು ಉತ್ತರ ಬರೆದ ಮೇಲೆ ಯೋಜನೆ ತುಂಬುತ್ತಾರೆ. ಇನ್ನೊಂದು, ಹೊಸ ಪಾಠದ ಮೊದಲ ದಿನವೇ ಶುರು ಮಾಡುವುದು. ಮಗ್ಗಿ ತಡವರಿಸುವ ಮಗುವಿನ ಗಮನವೆಲ್ಲ 7×8 ಎಷ್ಟು ಎಂಬಲ್ಲೇ ಖರ್ಚಾಗುತ್ತದೆ, ತನ್ನನ್ನು ತಾನು ಗಮನಿಸಲು ತಲೆಯಲ್ಲಿ ಜಾಗವೇ ಇರುವುದಿಲ್ಲ. ಹೊಸ ಪಾಠಕ್ಕೆ ಮೊದಲು ಬಿಡಿಸಿದ ನಾಲ್ಕು ಲೆಕ್ಕ ತೋರಿಸಿ, ಪ್ರತಿ ಸಾಲು ಯಾಕೆ ಬಂತು ಎಂದು ಮಕ್ಕಳಿಂದ ಹೇಳಿಸಿ, ಐದನೆಯದನ್ನು ಅರ್ಧ ಬಿಡಿಸಿ ಕೊಡಿ. ನಿಲ್ಲಿಸಿ ಕೇಳುವ ಪ್ರಶ್ನೆಗಳು ಅದರ ನಂತರ. ಮತ್ತೆ ಕೆಲವರು ಅತಿ ಅನುಮಾನಕ್ಕೆ ಬೀಳುತ್ತಾರೆ, ಪ್ರತಿ ಸಾಲನ್ನೂ ಮೂರು ಸಲ ನೋಡಿ ಅರ್ಧ ಪತ್ರಿಕೆ ಬಿಟ್ಟು ಬರುತ್ತಾರೆ. ಅವರಿಗೆ ನಿಲ್ಲುವ ಜಾಗವನ್ನು ಕಡಿಮೆ ಮಾಡಿ ಕೊಡಬೇಕು: ಶುರುವಿನಲ್ಲಿ ಅಂದಾಜು, ಕೊನೆಯಲ್ಲಿ ತಾಳೆ, ನಡುವೆ ವಿಚಿತ್ರ ಏನಾದರೂ ಕಂಡರೆ ಮಾತ್ರ.

ವಿಚಿತ್ರ ಎಂದರೆ ಏನು ಎಂದೂ ಹೇಳಿಕೊಡಬೇಕಾಗುತ್ತದೆ. ಹುಡುಕುವ x ಮಾಯವಾಗುವುದು. ಸಂಭವನೀಯತೆ 1ಕ್ಕಿಂತ ಹೆಚ್ಚು ಬರುವುದು. ಕರ್ಣ ಉಳಿದ ಬಾಹುವಿಗಿಂತ ಗಿಡ್ಡವಾಗುವುದು. ವಯಸ್ಸು ಭಿನ್ನರಾಶಿಯಾಗುವುದು. ಎರಡೇ ಅಂಕದ ಪ್ರಶ್ನೆಗೆ ಒಂದೂವರೆ ಪುಟ ಆಗುವುದು. ಕೊಟ್ಟ ಸಂಖ್ಯೆಯೊಂದು ಕೊನೆವರೆಗೂ ಬಳಕೆಯಾಗದೆ ಉಳಿಯುವುದು. ಇವನ್ನು ತರಗತಿಯ ಗೋಡೆಗೆ ಅಂಟಿಸಬಹುದು, ಮಕ್ಕಳು ತಾವೇ ಕಂಡದ್ದನ್ನು ಸೇರಿಸುತ್ತಾ ಹೋಗಲಿ.

ಪರೀಕ್ಷೆಯ ಹಾಲ್‌ನಲ್ಲಿ ಪ್ರಶ್ನೆಪತ್ರಿಕೆ ಓದಲೆಂದು ಸಿಗುವ 15 ನಿಮಿಷವನ್ನು ಹೆಚ್ಚಿನ ಮಕ್ಕಳು ಗಾಬರಿಯಲ್ಲೇ ಕಳೆಯುತ್ತಾರೆ. ಅದಕ್ಕೂ ತಾಲೀಮು ಬೇಕು. ಮೊದಲ ಐದು ನಿಮಿಷ ಪೂರ್ತಿ ಓದು, ಉಳಿದ ಹತ್ತು ನಿಮಿಷ ದೊಡ್ಡ ಪ್ರಶ್ನೆಗಳ ಕಡೆಗೆ: ದಾರಿ ಗೊತ್ತಿರುವುದು ಯಾವುದು, ಗೊತ್ತಿಲ್ಲದ್ದು ಯಾವುದು, ಯಾವುದರಿಂದ ಶುರು. 80 ಅಂಕಕ್ಕೆ ಬರೆಯಲು 180 ನಿಮಿಷ ಇದ್ದರೆ ಒಂದು ಅಂಕಕ್ಕೆ ಎರಡೂಕಾಲು ನಿಮಿಷ, ಮೂರು ಅಂಕದ ಲೆಕ್ಕಕ್ಕೆ ಏಳು ನಿಮಿಷಕ್ಕಿಂತ ಕಡಿಮೆ. ಮೂರು ನಿಮಿಷ ಕಳೆದರೂ ಹೊಸ ಸಾಲು ಹುಟ್ಟದಿದ್ದರೆ ಅಷ್ಟು ಜಾಗ ಬಿಟ್ಟು ಮುಂದಿನದಕ್ಕೆ ಹೋಗಬೇಕು. ಇದನ್ನು ಮನೆಯಲ್ಲಿ ಗಡಿಯಾರ ಇಟ್ಟು ನಾಲ್ಕೈದು ಪತ್ರಿಕೆಗಳಲ್ಲಿ ಮಾಡಿರಬೇಕು. ಪರೀಕ್ಷೆಯ ದಿನ ಮೊದಲ ಸಲ ಮಾಡಹೊರಟರೆ ಬಿಟ್ಟು ಹೋಗಲು ಮನಸ್ಸೇ ಬರುವುದಿಲ್ಲ.